ಯಾವ ಲೈಟು ಸ್ವಾಮಿ?



ಈ ಸಲದ ಪದ ತುಂಬಾ ಚಿಕ್ಕದು. ಲೈಟ್. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗೋವರೆಗೆ ಇದನ್ನು ಎಷ್ಟು ಸಲ ಹೇಳುತ್ತೀರಿ ಅಂತ ಒಂದು ದಿನ ಲೆಕ್ಕ ಇಟ್ಟು ನೋಡಿ. ಲೈಟ್ ಹಾಕು. ಲೈಟಾಗಿ ಒಂದು ಕಾಫಿ ಕೊಡು. ಆ ಲೈಟ್ ಕಲರ್ ಸೀರೆ ತೋರಿಸಿ. ಲೈಟಾಗಿ ತಲೆನೋವು. ಅವನ ಮಾತು ಬಿಡ್ರೀ, ಲೈಟಾಗಿ ತಗೊಳ್ಳಿ. ನಾಗಪುರದ ನೀರು ಕುಡಿದವರಿಗೆ ಇದರ ಜೊತೆ ಇನ್ನೊಂದು ಸೇರಿಕೊಂಡಿರುತ್ತೆ: ಅರೇ, ಲೈಟ್ ಗೇಲೀ!

ಇಷ್ಟೆಲ್ಲಾ ಕೆಲಸ ಒಂದೇ ಪದ ಮಾಡುತ್ತಿದೆಯಾ ಅಂದರೆ, ಇಲ್ಲ. ಇಲ್ಲಿರೋದು ಎರಡು ಪದ. ಬೆಳಕು ಅನ್ನೋ ಲೈಟ್ ಬೇರೆ, ಭಾರ ಇಲ್ಲದ್ದು ಅನ್ನೋ ಲೈಟ್ ಬೇರೆ. ಇಂಗ್ಲಿಷಿನಲ್ಲಿ ಕಾಲಕ್ರಮದಲ್ಲಿ ಎರಡರ ಉಚ್ಚಾರಣೆಯೂ ಕಾಗುಣಿತವೂ ಒಂದೇ ಆಗಿಹೋಯಿತು, ಅಷ್ಟೆ. ಅದೇ ಮನೆತನದ ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಬೆಳಕಿಗೆ ‘ಲಿಖ್ಟ್’, ಹಗುರಕ್ಕೆ ‘ಲೈಖ್ಟ್’ ಅಂತ ಬೇರೆಬೇರೆಯಾಗಿಯೇ ಹೇಳುತ್ತಾರೆ.

ಸ್ವಾರಸ್ಯ ಇರೋದು ಈ ಎರಡರ ನೆಂಟರಲ್ಲಿ. ಹಗುರದ ಲೈಟ್ ಮತ್ತು ನಮ್ಮ ಸಂಸ್ಕೃತದ ‘ಲಘು’ ಒಂದೇ ಬೇರಿನಿಂದ ಬಂದವು ಅನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕುವಾಗ ಲಘು, ಗುರು ಅಂತ ಗುರುತು ಹಾಕಿದ್ದು ನೆನಪಿದೆಯಾ? ಆ ಲಘು ಇಂಗ್ಲಿಷಿನ ಲೈಟಿಗೆ ದೂರದ ಅಣ್ಣ. ಪಕ್ಕದಲ್ಲಿದ್ದ ಗುರು ಕೂಡಾ ಸುಮ್ಮನೆ ಕೂತಿಲ್ಲ, ‘ಗ್ರಾವಿಟಿ’ ಅನ್ನೋ ಪದದ ನೆಂಟ. ಇನ್ನು ಬೆಳಕಿನ ಲೈಟಿಗೆ ಸಂಸ್ಕೃತದಲ್ಲಿ ಸಿಗೋ ನೆಂಟ ‘ರುಚ್’ ಅನ್ನೋ ಧಾತು. ಹೊಳೆಯೋದು ಅಂತ ಅದರ ಅರ್ಥ. ಅದರಿಂದಲೇ ರೋಚಕ, ಅದರಿಂದಲೇ ‘ರುಚಿ’. ಅಂದರೆ ಸಾರಿನ ರುಚಿಗೂ ಟ್ಯೂಬ್‌ಲೈಟಿಗೂ ಎಲ್ಲೋ ಹಿಂದೆ ಒಂದೇ ಅಜ್ಜಿ!

ಕನ್ನಡದ ಸ್ವಂತ ಪದಗಳಿಗೆ ಈ ಗೊಂದಲವೇ ಇಲ್ಲ. ಬೆಳಕು ಬಂದಿದ್ದು ‘ಬೆಳ್’ನಿಂದ, ಅಂದರೆ ಬಿಳುಪಿನಿಂದ. ಬೆಳಗು, ಬೆಳ್ಳಿ, ಬೆಳ್ಳಗೆ, ಬೆಳದಿಂಗಳು ಎಲ್ಲಾ ಒಂದೇ ಸಾಲು. ಹಗುರ ಅದರ ಪಾಡಿಗೆ ಬೇರೆ. ಹೀಗೆ ಎರಡು ಚೆನ್ನಾದ ಪದಗಳನ್ನು ಇಟ್ಟುಕೊಂಡು ನಾವು ಎರಡರ ಜಾಗಕ್ಕೂ ಒಂದೇ ಲೈಟನ್ನು ತಂದು ಕೂರಿಸಿದ್ದೇವೆ. ಅದು ತಪ್ಪು ಅಂತ ಹೇಳೋಕೆ ಹೊರಟಿಲ್ಲ. ಬಸ್ಸು, ಕಾಫಿ, ರೇಡಿಯೋ ಅಂತ ಹೇಳಿ ಅನ್ನ ತಿನ್ನೋ ನಾನು ಆ ಮಾತು ಹೇಳಿದರೆ ನೀವು ನಗುತ್ತೀರಿ. ಆದರೆ ಮೂರು ಭಾಷೆಯ ನಡುವೆ ಬದುಕೋ ನಮಗೆ, ಈಗ ಯಾವ ಲೈಟು ಅಂತ ಗೊತ್ತಿರೋದು ಕೆಲವು ಸಲ ನಿಜಕ್ಕೂ ಬೇಕಾಗುತ್ತೆ.

ಮೊದಲು ‘ಲೈಟ್ ಗೇಲೀ’. ಮೈಸೂರು, ಬೆಂಗಳೂರು ಕಡೆಯಿಂದ ಬಂದವರಿಗೆ ಹೋಗೋದು ಕರೆಂಟು. ತಮಿಳರು, ತೆಲುಗರು, ಮಲಯಾಳಿಗಳು ಕೂಡಾ ಕರೆಂಟ್ ಅಂತಲೇ ಅನ್ನೋದು. ಮಹಾರಾಷ್ಟ್ರದಲ್ಲಿ, ಹಿಂದಿ ಸೀಮೆಯಲ್ಲಿ ಹೋಗೋದು ಲೈಟು. ವಿದರ್ಭದಲ್ಲಿ ‘ಲೈನ್ ಗೇಲೀ’ ಅನ್ನೋರೂ ಇದ್ದಾರೆ. ನಮ್ಮ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರು ಎರಡು ಸೀಮೆಯ ಗಡಿಯಲ್ಲಿ ಕೂತಿರೋದರಿಂದ ಕರೆಂಟನ್ನೂ ಕಳಿಸುತ್ತಾರೆ, ಲೈಟನ್ನೂ ಕಳಿಸುತ್ತಾರೆ. ಮರಾಠಿಯಲ್ಲಿ ಗಮನಿಸಿ, ಲೈಟ್ ‘ಗೇಲೀ’ ಅಂತ ಸ್ತ್ರೀಲಿಂಗ. ವಿದ್ಯುತ್ತಿಗೆ ಅವರ ಸ್ವಂತ ಪದ ‘ವೀಜ್’ ಸ್ತ್ರೀಲಿಂಗ, ಅದರ ಜಾಗದಲ್ಲಿ ಬಂದು ಕೂತ ಲೈಟ್ ಕೂಡಾ ಹೆಣ್ಣಾಯಿತು.

ಬೆಳಕಿನ ಹೆಸರು ವಿದ್ಯುತ್ತಿಗೆ ಯಾಕೆ ಬಂತು ಅಂದರೆ, ಮೊದಲು ಊರಿನ ಮನೆಗಳಿಗೆ ಮಾರಿದ್ದೇ ಬೆಳಕನ್ನು. ಫ್ಯಾನು, ಮಿಕ್ಸಿ, ಫ್ರಿಡ್ಜ್ ಎಲ್ಲಾ ಆಮೇಲಿನ ಮಾತು. ಆಗಿನ ಕಂಪನಿಗಳ ಹೆಸರಲ್ಲೇ ಲೈಟ್ ಇರುತ್ತಿತ್ತು. ನಮ್ಮ ನಾಗಪುರದಲ್ಲೂ ‘ನಾಗಪುರ ಎಲೆಕ್ಟ್ರಿಕ್ ಲೈಟ್ ಅಂಡ್ ಪವರ್ ಕಂಪನಿ’ ಅಂತ ಇತ್ತು. 1958ರ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಲ್ಲಿ ಆ ಹೆಸರು ಇವತ್ತಿಗೂ ಉಳಿದುಕೊಂಡಿದೆ. ಮೈಸೂರು ಸಂಸ್ಥಾನದ ಕಥೆ ಉಲ್ಟಾ. ಅಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಯ ಯಂತ್ರಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಅದಕ್ಕೇ ನಾವು ಕರೆಂಟ್ ಅನ್ನೋದು, ಇವರು ಲೈಟ್ ಅನ್ನೋದು ಅಂತ ಹೇಳಿಬಿಡೋಕೆ ನಾಲಿಗೆ ತುರಿಸುತ್ತೆ. ಆದರೆ ಚಿನ್ನದ ಗಣಿ ಇಲ್ಲದ ಕೇರಳದವರೂ ಕರೆಂಟ್ ಅಂತಲೇ ಅನ್ನುತ್ತಾರಲ್ಲ! ಆ ಕಥೆಯನ್ನು ಕಾಫಿ ಜೊತೆಗಿನ ಹರಟೆಗೆ ಇಟ್ಟುಕೊಳ್ಳೋಣ.

ಹೊಸದಾಗಿ ಊರಿಗೆ ಬಂದವರಿಗೆ ಒಂದು ಕಿವಿಮಾತು. ಇಲ್ಲಿ ಮನೆ ವಿಳಾಸಕ್ಕೆ ಸಾಕ್ಷಿ ಕೇಳುವಾಗ ‘ಲೈಟ್ ಬಿಲ್ ಆಣಾ’ ಅನ್ನುತ್ತಾರೆ. ಬಲ್ಬ್ ಕೊಂಡ ರಸೀದಿ ಹುಡುಕಬೇಡಿ. ಕರೆಂಟ್ ಬಿಲ್ ತಗೊಂಡು ಹೋಗಿ.

ದೀಪದ ವಿಷಯದಲ್ಲಿ ಮಾತ್ರ ಈ ಇಂಗ್ಲಿಷ್ ಪದ ನಮಗೆ ಒಂದು ಉಪಕಾರ ಮಾಡಿದೆ. ದೇವರ ಮುಂದಿನ ದೀಪವನ್ನು ‘ಆರಿಸು’ ಅಂದು ನೋಡಿ, ಮನೆಯ ಹಿರಿಯರು ಬಿಡ್ತು ಅನ್ನು ಅನ್ನುತ್ತಾರೆ. ದೀಪ ಶಾಂತ ಮಾಡು ಅನ್ನಬೇಕು. ಮರಾಠಿ ಮನೆಗಳಲ್ಲೂ ದೀಪವನ್ನು ‘ಶಾಂತ’ ಮಾಡುತ್ತಾರೆ, ‘ವಿಝವಾ’ ಅನ್ನೋಕೆ ಹಿಂಜರಿಯುತ್ತಾರೆ. ಆದರೆ ಲೈಟನ್ನು ಎಲ್ಲರೂ ಧೈರ್ಯವಾಗಿ ಆರಿಸುತ್ತಾರೆ, ತೆಗೆಯುತ್ತಾರೆ, ಬಂದ್ ಮಾಡುತ್ತಾರೆ! ಶುಭ ಅಶುಭದ ಭಾರ ದೀಪದ ಮೇಲೇ ಉಳಿಯಿತು, ಲೈಟ್ ಹಗುರವಾಯಿತು. ಹೊತ್ತಿಸುವಾಗ ಮಾತ್ರ ಉತ್ತರ ಕರ್ನಾಟಕದವರು ಹಳೇ ಮರ್ಯಾದೆ ಬಿಟ್ಟಿಲ್ಲ. ದೀಪ ಹಚ್ಚಿದ ಹಾಗೇ ಲೈಟನ್ನೂ ‘ಹಚ್ಚು’ ಅನ್ನುತ್ತಾರೆ, ಸ್ವಿಚ್ ಒತ್ತೋದಕ್ಕೆ.

ಈಗ ಬಣ್ಣಕ್ಕೆ ಬನ್ನಿ. ಸೀತಾಬರ್ಡಿಯಲ್ಲೋ ಇತವಾರಿಯಲ್ಲೋ ಸೀರೆ ಅಂಗಡಿಗೆ ಹೋಗುತ್ತೀರಿ. ಲೈಟ್ ಕಲರ್ ಕೇಳಿದರೆ ಅಂಗಡಿಯವರು ಒಳಗೆ ಕೂಗಿ ಹೇಳುತ್ತಾರೆ, ‘ಹಲ್ಕಾ ದಿಖಾವ್’. ಊರಿನಿಂದ ಈಗಷ್ಟೇ ಬಂದ ಅತ್ತೆಯೋ ದೊಡ್ಡಮ್ಮನೋ ಜೊತೆಯಲ್ಲಿದ್ದರೆ ಅವರ ಮುಖ ನೋಡಬೇಕು! ಕನ್ನಡದಲ್ಲಿ ಹಲ್ಕಾ ಅಂದರೆ ಬೈಗುಳ ತಾನೇ? ನಿಜ ಅಂದರೆ ಎರಡೂ ಒಂದೇ ಪದ. ಲಘು ಅನ್ನೋದು ಪ್ರಾಕೃತದಲ್ಲಿ ‘ಲಹು’ ಆಯಿತು, ಅಕ್ಷರ ಹಿಂದುಮುಂದಾಗಿ ‘ಹಲು’ ಆಯಿತು, ಅದರಿಂದ ಹಿಂದಿಯ ಹಲ್ಕಾ. ಹಗುರ ಅಂತ ಅರ್ಥ. ಹಗುರವಾದ್ದು ಕೀಳು ಅನ್ನೋ ಅರ್ಥವೂ ಅದಕ್ಕೆ ಅಂಟಿಕೊಂಡಿತು. ನಮ್ಮ ಕಡೆ ಬರುವಾಗ ಸೀರೆಯ ಬಣ್ಣ ಬಿಟ್ಟು ಬರೀ ಆ ಕೀಳು ಅರ್ಥವನ್ನೇ ಹೊತ್ತುಕೊಂಡು ಬಂತು. ನಾವು ಮಾತ್ರ ಕಮ್ಮಿಯಾ? ‘ಅವರ ಬಗ್ಗೆ ಹಗುರವಾಗಿ ಮಾತಾಡಬೇಡ’ ಅನ್ನುವಾಗ ಕನ್ನಡದ ಹಗುರ ಮಾಡೋದೂ ಅದೇ ಕೆಲಸ. ಭಾರ ಇದ್ದರೆ ಗೌರವ, ಇಲ್ಲದಿದ್ದರೆ ಇಲ್ಲ.

ಅದೇ ‘ಹಲು’ ಮರಾಠಿಯಲ್ಲಿ ‘ಹಳೂ’ ಆಗಿ ನಿಧಾನ, ಮೆತ್ತಗೆ ಅನ್ನೋ ಅರ್ಥ ಪಡೆಯಿತು. ಆಟೋದವರಿಗೆ ನೀವು ದಿನಾ ಹೇಳೋದು ಇದನ್ನೇ, ‘ಹಳೂ ಚಾಲವಾ’. ಧಾರವಾಡದ ಕಡೆ ‘ಹಗುರಕ ನಡೀರಿ’ ಅಂದರೂ ನಿಧಾನವಾಗಿ ಅಂತಲೇ ಅರ್ಥ. ಹಗುರದಿಂದ ನಿಧಾನಕ್ಕೆ ಎರಡು ಭಾಷೆಯೂ ಒಂದೇ ದಾರಿಯಲ್ಲಿ ನಡೆದಿವೆ ನೋಡಿ.

ಬಣ್ಣಕ್ಕೆ ನಮ್ಮಲ್ಲಿರೋ ಪದ ಯಾವುದು ಅಂದರೆ ‘ತಿಳಿ’. ತಿಳಿ ಹಸಿರು, ತಿಳಿ ನೀಲಿ. ತಿಳಿಸಾರಿನ ತಿಳಿ, ಕೊಳದ ನೀರಿನ ತಿಳಿ, ವಿಷಯ ತಿಳಿಯೋ ತಿಳಿ. ಕೆಸರು ಕೆಳಗೆ ಕೂತು ನೀರು ಸ್ವಚ್ಛವಾಗೋದಕ್ಕೂ ಮನಸ್ಸಿಗೆ ಅರ್ಥವಾಗೋದಕ್ಕೂ ಒಂದೇ ಪದ ಇಟ್ಟವರು ಯಾರೋ, ಅವರಿಗೆ ಕೈ ಮುಗಿಯಬೇಕು. ಇನ್ನೊಂದು ‘ನಸು’. ನಸುಗೆಂಪು, ನಸುನಗೆ, ಬೆಳಗಿನ ನಸುಕು. ಈ ಪದಗಳು ಇರುವಾಗ ಸೀರೆ ಹೊಗಳೋದಕ್ಕೆ ‘ಲೈಟ್ ಪಿಂಕ್’ ಅನ್ನೋದು ನನಗೇನೋ ಸಪ್ಪೆ ಅನ್ನಿಸುತ್ತೆ.

ಮಕ್ಕಳ ಬಾಯಲ್ಲಿ ಲೈಟ್ ಇನ್ನೂ ಬೇರೆ ವೇಷ ಹಾಕುತ್ತೆ. ಟ್ಯೂಬ್‌ಲೈಟ್ ಅಂದರೆ ಜೋಕು ಅರ್ಥವಾಗೋಕೆ ಹೊತ್ತು ಹಿಡಿಯೋ ಮನುಷ್ಯ. ಚೋಕು, ಸ್ಟಾರ್ಟರು ಇದ್ದ ಹಳೇ ಟ್ಯೂಬು ಪಕಪಕ ಅಂದು ಸ್ವಲ್ಪ ಹೊತ್ತಾದ ಮೇಲೆ ಹತ್ತಿಕೊಳ್ಳುತ್ತಿತ್ತಲ್ಲ, ಅದರಿಂದ ಬಂದ ಮಾತು. ಈಗಿನ ಎಲ್‌ಇಡಿ ಟ್ಯೂಬು ಸ್ವಿಚ್ ಒತ್ತಿದ ಕೂಡಲೇ ಹತ್ತುತ್ತೆ. ಹಾಗಾಗಿ ಇನ್ನು ಕೆಲವು ವರ್ಷಕ್ಕೆ ಈ ಬೈಗುಳ ಯಾಕೆ ಬೈಗುಳ ಅಂತ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತೆ.

ಇದಕ್ಕಿಂತ ಮಜಾ ‘ಗ್ಯಾಸ್‌ಲೈಟ್’ದು. ಕರಾವಳಿಯ ತಾತಂದಿರನ್ನು ಕೇಳಿ, ಗ್ಯಾಸ್‌ಲೈಟ್ ಅಂದರೆ ಪೆಟ್ರೋಮ್ಯಾಕ್ಸ್. ಪಂಪ್ ಹೊಡೆದು, ಮ್ಯಾಂಟಲ್ ಹೊತ್ತಿಸಿ, ಮದುವೆ ದಿಬ್ಬಣಕ್ಕೂ ಯಕ್ಷಗಾನದ ಬಯಲಾಟಕ್ಕೂ ಬೆಳಕು ಕೊಡುತ್ತಿದ್ದ ದೀಪ. ಕಾಲೇಜಿಗೆ ಹೋಗೋ ಮೊಮ್ಮಗಳು ‘ಅವನು ನನ್ನ ಗ್ಯಾಸ್‌ಲೈಟ್ ಮಾಡ್ತಾನೆ’ ಅಂದರೆ ಅದು ಬೇರೆಯದೇ ಸಂಕಟ. ಎದುರಿಗಿರೋರು ತಮ್ಮ ಕಣ್ಣನ್ನು, ತಮ್ಮ ನೆನಪನ್ನೇ ನಂಬದ ಹಾಗೆ ಮಾಡಿ ಆಟ ಆಡಿಸೋದು ಅಂತ ಅರ್ಥ. ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ 1938ರ ನಾಟಕದಿಂದ, ಅದರ ಮೇಲೆ ಬಂದ 1944ರ ಸಿನಿಮಾದಿಂದ ಹುಟ್ಟಿದ ಮಾತು. ಅದರಲ್ಲಿ ಮನೆಯ ಗ್ಯಾಸ್ ದೀಪ ಮಂಕಾಗುತ್ತೆ, ಹೆಂಡತಿ ಅದನ್ನು ಕಣ್ಣಾರೆ ನೋಡುತ್ತಾಳೆ, ಗಂಡ ಮಾತ್ರ ಎಲ್ಲಾ ನಿನ್ನ ಭ್ರಮೆ ಅನ್ನುತ್ತಾನೆ. ಅಮೆರಿಕದ ಮೆರಿಯಂ ವೆಬ್‌ಸ್ಟರ್ ನಿಘಂಟು 2022ರಲ್ಲಿ ಇದನ್ನೇ ವರ್ಷದ ಪದ ಅಂತ ಆರಿಸಿತು. ಮೊಮ್ಮಗಳು ಹಾಗಂದಾಗ ತಾತ ದಿಬ್ಬಣ ನೆನೆಸಿಕೊಂಡು ನಕ್ಕರೆ ಕಷ್ಟ. ದಯವಿಟ್ಟು ಪೂರ್ತಿ ಕೇಳಿಸಿಕೊಳ್ಳಿ.

ನಮ್ಮ ವೃತ್ತಿಯ ಲೈಟ್ ಬಗ್ಗೆ ಎರಡು ಮಾತು ಹೇಳದಿದ್ದರೆ ಸ್ಟುಡಿಯೋ ಬಾಗಿಲ ಮೇಲಿನ ಕೆಂಪು ಲೈಟ್ ಮುನಿಸಿಕೊಳ್ಳುತ್ತೆ. ರೇಡಿಯೋದಲ್ಲಿ ‘ಲೈಟ್’ ಅನ್ನೋದು ಒಂದು ಜಾತಿ. ಲಂಡನ್ನಿನ ಬಿಬಿಸಿಯಲ್ಲಿ 1945ರಿಂದ 1967ರವರೆಗೆ ‘ಲೈಟ್ ಪ್ರೋಗ್ರಾಂ’ ಅಂತಲೇ ಒಂದು ವಾಹಿನಿ ಇತ್ತು, ಮನರಂಜನೆಗೆ. ನಮ್ಮ ದೇಶದಲ್ಲಿ 1952ರಿಂದ 1962ರವರೆಗೆ ವಾರ್ತಾ ಮಂತ್ರಿಯಾಗಿದ್ದ ಬಿ. ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಕಂಡರೆ ಆಗುತ್ತಿರಲಿಲ್ಲ. ಆಕಾಶವಾಣಿಯಿಂದ ಸಿನಿಮಾ ಹಾಡು ಮರೆಯಾಯಿತು, ಜನ ರೇಡಿಯೋ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಸಿನಿಮಾ ಹಾಡಿನ ಜಾಗ ತುಂಬೋಕೆ ಆಕಾಶವಾಣಿ ‘ಲೈಟ್ ಮ್ಯೂಸಿಕ್’ ಬೆಳೆಸಿತು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಗಿ ಸಿನಿಮಾ ಹಾಡು ಮನೆಗೆ ವಾಪಸ್ ಬಂತು.

ಈ ಲೈಟ್ ಮ್ಯೂಸಿಕ್ಕಿಗೆ ಕನ್ನಡದಲ್ಲಿ ಲಘು ಸಂಗೀತ ಅಂತ ಅಂದವರಿದ್ದಾರೆ. ಆದರೆ ಜನರ ಮನಸ್ಸಲ್ಲಿ ನಿಂತಿದ್ದು ‘ಸುಗಮ ಸಂಗೀತ’. ಲಘು ಅಂದರೆ ಶಾಸ್ತ್ರೀಯಕ್ಕಿಂತ ತೂಕ ಕಮ್ಮಿ ಅನ್ನೋ ಭಾವ ಬರುತ್ತೆ. ಸುಗಮ ಅಂದರೆ ಸಲೀಸಾಗಿ ಒಳಗೆ ಇಳಿಯೋದು. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಹಾಡಿದ್ದನ್ನು ಕೇಳಿದ ಯಾರಿಗೂ ಅದು ತೂಕ ಕಮ್ಮಿ ಅನ್ನಿಸಲಾರದು. ಮರಾಠಿಯವರ ಗೀತ ರಾಮಾಯಣವನ್ನೇ ನೋಡಿ. ಮಾಡಗೂಳ್ಕರ್ ಬರೆದು ಸುಧೀರ್ ಫಡಕೆ ರಾಗ ಹಾಕಿದ 56 ಹಾಡು, 1955-56ರಲ್ಲಿ ಪುಣೆ ಆಕಾಶವಾಣಿಯಿಂದ ವಾರ ವಾರ ಬಂತು. ಅದೂ ಲೈಟ್ ಮ್ಯೂಸಿಕ್ ಅನ್ನೋ ಕಪಾಟಿಗೇ ಸೇರೋದು! ಇಲ್ಲಿ ನಮ್ಮ ಅನುವಾದ ಮೂಲಕ್ಕಿಂತ ಚೆನ್ನಾಗಿದೆ ಅಂತ ನನ್ನ ಖಚಿತ ಅಭಿಪ್ರಾಯ.

ಅಂಗಡಿಯ ಪೊಟ್ಟಣದ ಮೇಲಿನ ಲೈಟ್ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ‘ಲೈಟ್’ ಆಲಿವ್ ಎಣ್ಣೆ ಅಂದರೆ ಬಣ್ಣ, ವಾಸನೆ ತಿಳಿಯಾಗಿದೆ ಅಂತ. ಕೊಬ್ಬು ಕಮ್ಮಿ ಅಂತಲ್ಲ. ಯಾವ ಎಣ್ಣೆಯಾದರೂ ಒಂದು ಗ್ರಾಮಿಗೆ ಸುಮಾರು 9 ಕ್ಯಾಲೊರಿಯೇ. ಸಿಗರೇಟಿನಲ್ಲಂತೂ ಈ ಪದ ದೊಡ್ಡ ಮೋಸ ಮಾಡಿತು. ಲೈಟ್, ಮೈಲ್ಡ್ ಅಂತ ಬರೆದ ಸಿಗರೇಟು ಕಮ್ಮಿ ಅಪಾಯ ಅಂತ ನಂಬಿ ಎಷ್ಟೋ ಜನ ಬಿಡಬೇಕಾದ ಚಟ ಬಿಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 11ನೇ ವಿಧಿ, ಜನರನ್ನು ದಾರಿ ತಪ್ಪಿಸೋ ಪದಗಳ ಉದಾಹರಣೆಯಾಗಿ ಈ ಎರಡನ್ನೂ ಹೆಸರಿಸಿ ಹೇಳುತ್ತೆ. ಭಾರತ 2004ರಲ್ಲಿ ಆ ಒಪ್ಪಂದಕ್ಕೆ ಸೇರಿತು.

ಇಷ್ಟು ಹೊತ್ತು ನಗುನಗುತ್ತಾ ಬಂದೆವು. ಇನ್ನು ‘ಲೈಟಾಗಿ’ ಅನ್ನೋದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು.

ಕನ್ನಡದಲ್ಲಿ ‘ಲೈಟಾಗಿ’ ಅಂದಾಗ ನಾವು ಬಹಳ ಸಲ ಅಳತೆ ಹೇಳುತ್ತಿರೋದಿಲ್ಲ. ಮರ್ಯಾದೆ ಕಾಪಾಡುತ್ತಿರುತ್ತೇವೆ. ಎದುರಿನವರಿಗೆ ಗಾಬರಿ ಆಗಬಾರದು, ನನ್ನಿಂದ ತೊಂದರೆ ಆಗಬಾರದು ಅಂತ ಮಾತಿನ ಮೇಲೆ ಹಾಕೋ ಮೆತ್ತನೆ ಬಟ್ಟೆ ಅದು. ‘ಲೈಟಾಗಿ ಜ್ವರ ಇತ್ತು, ಈಗ ಪರವಾಗಿಲ್ಲ’ ಅನ್ನೋ ಅತ್ತೆಗೆ ಎರಡು ದಿನದಿಂದ ಮೈ ಸುಡುತ್ತಿರಬಹುದು. ಮನೆಯವರಿಗೆ ಈ ಭಾಷೆ ಗೊತ್ತು, ಹಣೆ ಮುಟ್ಟಿ ನೋಡುತ್ತಾರೆ. ಡಾಕ್ಟರಿಗೆ ಗೊತ್ತಿರೋದಿಲ್ಲ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಊರಿನಿಂದ ಬಂದ ಅಪ್ಪ ಅಮ್ಮ ಇದ್ದಾರೆ. ಅವರಿಗೆ ಹಿಂದಿ ಅರ್ಧ ಬರುತ್ತೆ, ಮರಾಠಿ ಬರೋದಿಲ್ಲ. ದವಾಖಾನೆಗೆ ಮೊಮ್ಮಗನೇ ದುಭಾಷಿ. ಅಜ್ಜ ಹೇಳುತ್ತಾರೆ, ‘ಲೈಟಾಗಿ ಎದೆ ಒತ್ತಿದ ಹಾಗಾಗ್ತಿದೆ ಕಣಪ್ಪಾ.’ ಹುಡುಗ ಹಿಂದಿಯಲ್ಲಿ ಹೇಳುತ್ತಾನೆ, ‘ಹಲ್ಕಾ ಸಾ ದರ್ದ್ ಹೈ.’ ಈ ಒಂದು ವಾಕ್ಯದಲ್ಲಿ ಎರಡು ಅನಾಹುತ. ಅಜ್ಜನ ಸಂಕೋಚ ಅಳತೆಯಾಗಿ ಹೋಯಿತು. ಡಾಕ್ಟರಿಗೆ ನಿಜವಾಗಿ ಬೇಕಾಗಿದ್ದ ‘ಒತ್ತಿದ ಹಾಗೆ’ ಅನ್ನೋದು ಬಿಟ್ಟೇ ಹೋಯಿತು. ಹೃದಯಾಘಾತದಲ್ಲಿ ಎಷ್ಟೋ ಸಲ ಸಿನಿಮಾದಲ್ಲಿ ತೋರಿಸೋ ಹಾಗೆ ಎದೆ ಹಿಡಿದು ಬೀಳೋ ನೋವು ಇರೋದಿಲ್ಲ. ಒತ್ತಿದ ಹಾಗೆ, ಬಿಗಿದ ಹಾಗೆ, ಭಾರ ಇಟ್ಟ ಹಾಗೆ ಅನ್ನಿಸುತ್ತೆ. ತೋಳಿಗೆ, ದವಡೆಗೆ, ಬೆನ್ನಿಗೆ ಹರಡಬಹುದು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರೋರಲ್ಲಿ ನೋವೇ ಇಲ್ಲದೆ ಬರೀ ಉಬ್ಬಸ, ಸುಸ್ತು, ವಾಕರಿಕೆ ಆಗಿಯೂ ಬರಬಹುದು. ಅಲ್ಲಿ ‘ಹಲ್ಕಾ’ ಅನ್ನೋ ಮಾತಿಗೆ ಬೆಲೆ ಇಲ್ಲ. ಇಂಥದ್ದು ಕಂಡರೆ ಭಾಷಾಂತರಕ್ಕೂ ಕಾಯದೆ 108ಕ್ಕೆ ಫೋನ್ ಮಾಡಿ.

ಹಾಗೇ ಮೇ ತಿಂಗಳು. ನಾಗಪುರದ ಬಿಸಿಲು 45 ಡಿಗ್ರಿ ದಾಟೋದು ಹೊಸದಲ್ಲ. ಮಧ್ಯಾಹ್ನ ಲೈಟ್ ಹೋಗಿ ಕೂಲರ್ ನಿಂತಿರುವಾಗ ಅಜ್ಜಿ ‘ಲೈಟಾಗಿ ತಲೆ ಸುತ್ತುತ್ತೆ’ ಅಂದರೆ, ಎರಡನೇ ಲೈಟನ್ನು ನಂಬಬೇಡಿ. ತಣ್ಣನೆ ಜಾಗಕ್ಕೆ ಕರೆದುಕೊಂಡು ಹೋಗಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ. ಎಚ್ಚರ ಇದ್ದರೆ ಮಾತ್ರ ನೀರು ಕೊಡಿ. ಮಾತು ತೊದಲುತ್ತಿದ್ದರೆ, ಗೊಂದಲ ಕಂಡರೆ ಆಸ್ಪತ್ರೆಗೆ ಓಡಿ.

ದುಭಾಷಿ ಮಕ್ಕಳಿಗೆ ನಾಲ್ಕು ಪದ ಹೇಳಿಕೊಟ್ಟಿರಿ. ಕನ್ನಡದಲ್ಲಿ ನೋವಿಗೆ ಪದಗಳ ಬಡತನ ಇಲ್ಲವೇ ಇಲ್ಲ. ಉರಿ ಅಂದರೆ ಹಿಂದಿಯ ಜಲನ್. ಚುಚ್ಚಿದ ಹಾಗೆ ಅಂದರೆ ಚುಭನ್. ಒತ್ತಿದ ಹಾಗೆ ಅಂದರೆ ದಬಾವ್. ಸೆಳೆತಕ್ಕೆ ಖಿಂಚಾವ್. ಛಳಕ್ ಅಂತ ಬಂದುಹೋಗೋ ನೋವಿಗೆ ಮರಾಠಿಯಲ್ಲಿ ‘ಕಳ’. ಕಾಲು ಜೋಮು ಹಿಡಿದರೆ ಅವರು ‘ಮುಂಗ್ಯಾ ಆಲ್ಯಾ’ ಅನ್ನುತ್ತಾರೆ, ಇರುವೆ ಬಂದವು ಅಂತ. ಎಂಥಾ ಚೆಂದದ ಮಾತು! ಒಂದು ಪದದ ಹತ್ತಿರ ಮಾತ್ರ ಜೋಪಾನ: ಸಂಕಟ. ನಮಗೆ ಹೊಟ್ಟೆ ತೊಳೆಸಿದರೂ ಸಂಕಟ, ಎದೆಯಲ್ಲಿ ಒಂಥರಾ ಆದರೂ ಸಂಕಟ. ಹಿಂದಿಯಲ್ಲೂ ಮರಾಠಿಯಲ್ಲೂ ಸಂಕಟ ಅಂದರೆ ಆಪತ್ತು. ‘ದಾದೀ ಕೋ ಸಂಕಟ್ ಹೈ’ ಅಂದರೆ ಡಾಕ್ಟರು ಏನಂತ ತಿಳಿದುಕೊಳ್ಳಬೇಕು? ವಾಕರಿಕೆಗೆ ಮರಾಠಿಯಲ್ಲಿ ‘ಮಳಮಳ’ ಅನ್ನಿ, ಥಟ್ಟಂತ ಅರ್ಥವಾಗುತ್ತೆ.

ಹಿರಿಯರು ‘ಲೈಟಾಗಿ’ ಅಂದಾಗ ಎಲ್ಲಿ, ಹೇಗೆ, ಯಾವಾಗಿನಿಂದ ಅಂತ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಅವರ ಮಾತಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಿಮ್ಮ ಊರ ಕಡೆ ಮೈನೋವು, ಹೊಟ್ಟೆನೋವು, ಎದೆನೋವಿಗೆ ಇರೋ ಪದಗಳನ್ನೂ, ಅದಕ್ಕೆ ಇಲ್ಲಿಯ ಮರಾಠಿಯಲ್ಲಿ ಏನಂತಾರೆ ಅನ್ನೋದನ್ನೂ ನಮಗೆ ಕಳಿಸಿಕೊಡಿ. ಮುಂದಿನ ಕಾರ್ಯಕ್ರಮಗಳಲ್ಲಿ ಒಂದೊಂದಾಗಿ ಓದುತ್ತೇನೆ, ನಡುವೆ ಒಂದೊಂದು ಸುಗಮ ಸಂಗೀತ ಹಾಕುತ್ತಾ.